ಎನ್‌ಎಸ್‌ಎಸ್‌ಗೆ ಕೊಂಡ ಗಂಬೂಟ್: ಒಂದು ಮಳೆಗಾಲ ಹಾಕಿದ ಮೇಲೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ಕಳೆದ ಜೂನ್‌ನಲ್ಲಿ 450 ರೂಪಾಯಿ ಕೊಟ್ಟು ಕಪ್ಪು ಗಂಬೂಟ್ ತಗೊಂಡೆ. ಎನ್‌ಎಸ್‌ಎಸ್‌ನಲ್ಲಿ, ಅಂದರೆ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ, ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು. ನಿಜ ಹೇಳಬೇಕೆಂದರೆ ನಾನು ಸೇರಿದ್ದೇ ಸರ್ಟಿಫಿಕೇಟಿಗೆ. ನಮ್ಮ ಪಾಲಿಗೆ ಬಂದದ್ದು ಸೀತಾಳಯ್ಯನಗಿರಿಯಿಂದ ಮುಳ್ಳಯ್ಯನಗಿರಿ ಕಡೆಗೆ ಪ್ಲಾಸ್ಟಿಕ್ ಆಯುವ ಕೆಲಸ. 1,930 ಮೀಟರ್ ಎತ್ತರದ ಬೆಟ್ಟ, ಮಳೆ, ಗಾಳಿ. ಚಪ್ಪಲಿ ನಡೆಯಲ್ಲ.

ಬೂಟ್ ಚೆನ್ನಾಗಿದೆ. ಕೆಸರಲ್ಲಿ ಜಾರಲಿಲ್ಲ. ಇಂಬಳ (ಜಿಗಣೆ) ಒಳಗೆ ಬಂದದ್ದು ಒಂದೇ ಸಲ, ಅದೂ ನಾನು ಸುಮ್ನೆ ಹುಲ್ಲಲ್ಲಿ ಕೂತಿದ್ದಕ್ಕೆ. ಆದರೆ ಒಂದು ಸೈಜ್ ದೊಡ್ಡದೇ ತಗೊಳ್ಳಿ, ದಪ್ಪ ಸಾಕ್ಸ್ ಹಾಕಿದರೆ ಬೆರಳು ಒತ್ತುತ್ತದೆ. ಒಳಗೆ ನೀರು ಹೋದರೆ ಒಣಗಲು ಎರಡು ದಿನ ಬೇಕು. ಅಮ್ಮ ಹಳೇ ಪೇಪರ್ ತುರುಕಿ ಬಚ್ಚಲ ಒಲೆ ಪಕ್ಕ ಇಡುತ್ತಾರೆ. ಜೊತೆಗೆ ಕೊಂಡ 60 ರೂಪಾಯಿಯ ರಬ್ಬರ್ ಗ್ಲೌಸ್ ಮಾತ್ರ ದಂಡ. ಮೊದಲ ಗಾಜಿನ ಚೂರಿಗೇ ಹರಿಯಿತು.

ಮೊದಲೆಲ್ಲ ನನಗೆ ಬಸ್ಸಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳೋಕೂ ಬಾಯಿ ಬರುತ್ತಿರಲಿಲ್ಲ. ನಾಲ್ಕನೇ ಭಾನುವಾರ ಒಂದು ಕಾರಿಂದ ಚಿಪ್ಸ್ ಪ್ಯಾಕೆಟ್ ಬಿತ್ತು. ಹೋಗಿ ಕಿಟಕಿ ತಟ್ಟಿದೆ. "ಅಣ್ಣಾ, ಇದು ನಿಮ್ಮದು ಅಲ್ವಾ?" ಕೈ ನಡುಗುತ್ತಿತ್ತು. ಅವರು ಮಾತಾಡದೆ ವಾಪಸ್ ತಗೊಂಡರು. ಆಮೇಲಿಂದ ಗಾಡಿಯವರ ಹತ್ತಿರ ಮಾತಾಡುವ ಕೆಲಸ ನನಗೇ ಗಂಟುಬಿತ್ತು. ಈಗ ಅದೇ ಇಷ್ಟ.

ಬೂಟಿಗೆ ಐದಕ್ಕೆ ನಾಲ್ಕು. ಎಡಗಾಲಿನ ಹಿಮ್ಮಡಿ ಆಗಲೇ ಸವೆದಿದೆ, ಇನ್ನೂ 90 ಗಂಟೆ ಬಾಕಿ ಇದೆ.