ಕುಂದು ಮೊದಲೇ ಹೇಳಿದರೆ ಮಾರಾಟ ಆಗುತ್ತಾ? ಹಳೇ ಲೆನ್ಸ್ ಮಾರುವ ನಾಲ್ಕು ದಾರಿಗಳ ಹೋಲಿಕೆ

ಹಳೇ ಕ್ಯಾಮೆರಾ, ಲೆನ್ಸ್ ಕೊಂಡು, ಒರೆಸಿ, ಪರೀಕ್ಷೆ ಮಾಡಿ ಮತ್ತೆ ಮಾರುವುದು ಮೊದಲು ನನಗೆ ಹವ್ಯಾಸವಾಗಿತ್ತು, ಈಗ ಅರ್ಧ ಕಸುಬು. ವ್ಯಾಪಾರವೆಲ್ಲ ಆನ್‌ಲೈನ್‌ನಲ್ಲೇ. ಕೊಳ್ಳುವವರು ನನ್ನ ಮುಖ ನೋಡಿರುವುದಿಲ್ಲ, ಲೆನ್ಸನ್ನು ಕೈಯಲ್ಲಿ ಹಿಡಿದು ತಿರುಗಿಸಿರುವುದಿಲ್ಲ. ಅವರ ಎದುರಿಗಿರುವುದು ಒಂದಿಷ್ಟು ಫೋಟೋ, ಒಂದು ಪ್ಯಾರಾ ಬರಹ, ಅಷ್ಟೇ. ಆ ಒಂದು ಪ್ಯಾರಾವನ್ನು ಬೇರೆ ಬೇರೆ ರೀತಿ ಬರೆದು ನೋಡಿದ್ದೇನೆ. ಹೆಚ್ಚುಕಮ್ಮಿ ಒಂದೇ ಸ್ಥಿತಿಯ ಸಾಮಾನು, ಬರೆಯುವ ರೀತಿ ಮಾತ್ರ ಬೇರೆ. ಯಾವುದರಲ್ಲೂ ಸುಳ್ಳು ಸೇರಿಸಿಲ್ಲ. ಸುಳ್ಳು ಹೇಳಿ ಮಾರುವುದು ಈ ಹೋಲಿಕೆಗೆ ಬರುವುದೇ ಇಲ್ಲ, ಅದಕ್ಕೆ ಮೋಸ ಅಂತ ಬೇರೆ ಹೆಸರಿದೆ. ನಿಜವನ್ನೇ ಹೇಳುತ್ತಾ, ಯಾವುದನ್ನು ಎಷ್ಟು ಹೇಳಿದರೆ ಏನಾಗುತ್ತದೆ ಅನ್ನುವುದಷ್ಟೇ ಇಲ್ಲಿಯ ಪ್ರಶ್ನೆ.

ಹಳೇ ಸಾಮಾನಿನ ವ್ಯಾಪಾರದ ತೊಡಕು ಎಲ್ಲಿದೆ ಅಂತ 1970ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಉದಾಹರಣೆ ಹಿಡಿದು ಬಿಡಿಸಿ ತೋರಿಸಿದ್ದರು. ಕಾರು ಹೇಗಿದೆ ಅಂತ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಒಂದು ಬೆಲೆ ಹೇಳುತ್ತಾನೆ. ಒಳ್ಳೆಯ ಕಾರು ಇಟ್ಟುಕೊಂಡವನಿಗೆ ಆ ಬೆಲೆ ಸಾಲದು, ಅವನು ಮಾರುವುದನ್ನೇ ಬಿಡುತ್ತಾನೆ. ಉಳಿಯುವುದು ಕೆಟ್ಟವೇ. ಆಗ ಬೆಲೆ ಇನ್ನೂ ಇಳಿಯುತ್ತದೆ. ಇದಕ್ಕೆ ಸಂಬಂಧಿಸಿದ ಕೆಲಸಕ್ಕೇ 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ನೊಬೆಲ್ ಬಂತು. ಕಾರಿನ ಜಾಗದಲ್ಲಿ ಲೆನ್ಸ್ ಇಟ್ಟು ನೋಡಿ, ಒಂದು ಅಕ್ಷರ ಬದಲಿಸಬೇಕಾಗಿಲ್ಲ. ಒಳ್ಳೆಯ ಲೆನ್ಸ್ ನನ್ನ ಹತ್ತಿರ ಇದ್ದರೂ, ಅದು ಒಳ್ಳೆಯದು ಅಂತ ಇನ್ನೊಬ್ಬರು ನಂಬುವ ಹಾಗೆ ಮಾಡಲಾಗದಿದ್ದರೆ ನನಗೆ ಸಿಗುವುದು ಕೆಟ್ಟ ಲೆನ್ಸಿನ ಬೆಲೆ.

ಮೊದಲ ದಾರಿ ಎಲ್ಲರೂ ಹಿಡಿಯುವುದೇ. ಒಳ್ಳೆಯದನ್ನಷ್ಟೇ ಬರೆಯುವುದು. ‘ಕಂಡೀಷನ್ ತುಂಬಾ ಚೆನ್ನಾಗಿದೆ, ಫೋಟೋ ಶಾರ್ಪ್ ಬರುತ್ತದೆ, ಸ್ವಲ್ಪವೇ ಬಳಸಿದ್ದು.’ ಮೂರೂ ನಿಜ. ಗಾಜಿನೊಳಗೆ ಧೂಳಿನ ಕಣ ಇದೆಯಾ, ರಬ್ಬರ್ ಹಿಡಿ ಸಡಿಲವಾಗಿದೆಯಾ ಅಂತ ಕೇಳಿದವರಿಗೆ ಹೇಳುವುದು, ಕೇಳದವರಿಗೆ ಇಲ್ಲ.

ಮೆಸೇಜುಗಳೇನೋ ರಾಶಿ ಬರುತ್ತವೆ. ಆದರೆ ಅವು ಎಂಥವು ನೋಡಿ: ‘ಫಂಗಸ್ (ಗಾಜಿನ ಮೇಲೆ ಬೆಳೆಯುವ ಬೂಷ್ಟು) ಇದೆಯಾ?’ ‘ಬಿದ್ದಿದೆಯಾ?’ ‘ರಿಪೇರಿ ಆಗಿದೆಯಾ?’ ‘ನಿಜ ಹೇಳಿ ಸರ್, ಯಾಕೆ ಮಾರ್ತಿದೀರಾ?’ ಒಬ್ಬೊಬ್ಬರಿಗೂ ಅದೇ ಉತ್ತರ ಬರೆಯಬೇಕು. ನಾನು ಎಷ್ಟು ನೇರವಾಗಿ ಉತ್ತರಿಸಿದರೂ ಅವರ ಅನುಮಾನ ಕಡಿಮೆಯಾಗುವುದಿಲ್ಲ. ಯಾಕೆಂದರೆ ಕುಂದು ಈಗ ಅವರು ಕೇಳಿದ ಮೇಲೆ ಹೊರಬಂದಿದೆ. ಕೇಳದೇ ಉಳಿದದ್ದು ಇನ್ನೇನಿದೆಯೋ ಅನ್ನುವ ಯೋಚನೆ ಶುರುವಾಗುತ್ತದೆ. ಆ ಅನುಮಾನವನ್ನೇ ಚೌಕಾಸಿಯಲ್ಲಿ ಹಾಕಿ ಬೆಲೆ ಎಳೆಯುತ್ತಾರೆ. ಪಾರ್ಸೆಲ್ ಕೈಗೆ ಸಿಕ್ಕ ಮೇಲೂ ಮುಗಿಯುವುದಿಲ್ಲ. ಬೆಳಕಿಗೆ ಹಿಡಿದು ಒಂದು ಧೂಳಿನ ಕಣ ಕಂಡರೂ ‘ಇದನ್ನು ಹೇಳಲೇ ಇಲ್ಲವಲ್ಲ’ ಅನ್ನುತ್ತಾರೆ. ನಾಲ್ಕಾರು ಕಣ ಧೂಳು ಫೋಟೋದಲ್ಲಿ ಕಾಣುವುದೇ ಇಲ್ಲ, ಅದು ಬೇರೆ ಮಾತು.

‘ಕಂಡೀಷನ್ ಚೆನ್ನಾಗಿದೆ’ ಅನ್ನುವ ಸಾಲನ್ನು ಒಳ್ಳೆಯ ಲೆನ್ಸ್ ಇರುವವನೂ ಬರೆಯುತ್ತಾನೆ, ಹಾಳಾದ ಲೆನ್ಸ್ ಇರುವವನೂ ಬರೆಯುತ್ತಾನೆ. ಬರೆಯುವುದಕ್ಕೆ ಇಬ್ಬರಿಗೂ ಖರ್ಚಿಲ್ಲ. ಹಾಗಿರುವಾಗ ಓದುವವರು ಅದನ್ನು ನಂಬಲು ಕಾರಣವೇ ಇಲ್ಲ ಅಲ್ವಾ? ಉಳಿದ ದಾರಿಗಳನ್ನೆಲ್ಲ ನಾನು ಅಳೆಯುವುದು ಇದೇ ಅಳತೆಯಲ್ಲಿ: ಈ ಮಾತು ಹೇಳಿದ್ದರಿಂದ ಮಾರುವವನಿಗೆ ಏನಾದರೂ ಕೈಬಿಟ್ಟು ಹೋಯಿತಾ?

ಎರಡನೆಯದು ಅವಸರ. ‘ಇನ್ನೂ ಇಬ್ಬರು ಕೇಳಿದ್ದಾರೆ, ಇವತ್ತು ಸಂಜೆಯೊಳಗೆ ಹೇಳಿ.’ ಇಬ್ಬರು ಕೇಳಿದ್ದಾಗ ಮಾತ್ರ ಹಾಗೆ ಬರೆದಿದ್ದೇನೆ. ಬೇಗ ಮಾರಾಟವಾಗುವುದು ಇದರಲ್ಲೇ, ಅನುಮಾನವಿಲ್ಲ. ಆದರೆ ಅವಸರಕ್ಕೆ ಕೊಂಡವರು ಲೆನ್ಸ್ ಬಂದ ಮೇಲೆ ಯೋಚಿಸಲು ಶುರು ಮಾಡುತ್ತಾರೆ. ‘ಇದು ನನ್ನ ಕ್ಯಾಮೆರಾಗೆ ಕೂರುತ್ತಾ?’ ಅಂತ ಹಣ ಕೊಟ್ಟ ಮೇಲೆ ಕೇಳಿದವರೂ ಇದ್ದಾರೆ. ಇನ್ನೊಂದು ತೊಂದರೆಯೂ ಇದೆ. ಇಬ್ಬರು ಕೇಳಿದ್ದು ನಿಜವಾದರೂ, ಸುಳ್ಳು ಹೇಳುವವರೆಲ್ಲ ಇದೇ ಸಾಲನ್ನು ಬಳಸಿ ಸವೆಸಿಬಿಟ್ಟಿದ್ದಾರೆ. ನಿಜ ಹೇಳಿಯೂ ಸುಳ್ಳುಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ನಾನಂತೂ ಈ ದಾರಿ ಬಿಟ್ಟೆ.

ಮೂರನೆಯದು ಬೇರೆಯವರ ಬಾಯಲ್ಲಿ ಹೇಳಿಸುವುದು, ಅಂದರೆ ಹಿಂದೆ ಕೊಂಡವರ ರಿವ್ಯೂ, ರೇಟಿಂಗ್. ಇದಕ್ಕೆ ನಿಜವಾಗಿಯೂ ತೂಕವಿದೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಹಳೇ ಪೋಸ್ಟ್‌ಕಾರ್ಡ್ ಮಾರುವ, ಒಳ್ಳೆಯ ಹೆಸರಿರುವ ಒಬ್ಬ ವ್ಯಾಪಾರಿ, ಒಂದಕ್ಕೊಂದು ಸರಿಹೊಂದುವ ಕಾರ್ಡುಗಳನ್ನು ಕೆಲವು ತನ್ನ ಹಳೇ ಖಾತೆಯಲ್ಲಿ, ಕೆಲವು ಯಾರಿಗೂ ಗೊತ್ತಿಲ್ಲದ ಹೊಸ ಖಾತೆಗಳಲ್ಲಿ ಮಾರಿದ. ಸಾಮಾನೂ ಒಂದೇ ಬಗೆಯದು, ಕಳಿಸುವ ಕೈಯೂ ಒಂದೇ. ಆದರೂ ಹಳೇ ಖಾತೆಗೆ ಕೊಳ್ಳುವವರು ಸರಾಸರಿ ಶೇ 8.1ರಷ್ಟು ಜಾಸ್ತಿ ಕೊಡಲು ತಯಾರಿದ್ದರು. ಒಳ್ಳೆಯ ಹೆಸರಿನ ಬೆಲೆಯನ್ನು ಹೀಗೆ ಸೀದಾ ಅಳೆದು ತೋರಿಸಿದ ಪ್ರಯೋಗಗಳು ಕಡಿಮೆ.

ನಾನು ಹಿಂದಿನ ಗಿರಾಕಿಗಳ ಮಾತನ್ನು, ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ನನ್ನ ಜಾಹೀರಾತಿನಲ್ಲಿ ಸೇರಿಸತೊಡಗಿದೆ. ಮೊದಲಿಗೆ ಹೊಗಳಿಕೆಗಳನ್ನು ಮಾತ್ರ ಆರಿಸಿದೆ. ಅದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಆಮೇಲೆ ಒಂದು ಗೊಣಗಾಟವನ್ನೂ ಸೇರಿಸಿದೆ: ‘ಪ್ಯಾಕಿಂಗ್ ಚೆನ್ನಾಗಿತ್ತು. ಫೋಕಸ್ ರಿಂಗ್ ಮಾತ್ರ ನೀವು ಹೇಳಿದ್ದಕ್ಕಿಂತ ಬಿಗಿ ಇದೆ.’ ಜನ ಹಿಡಿದು ಮಾತಾಡಿದ್ದು ಆ ಒಂದು ಸಾಲನ್ನೇ. ‘ಆ ಬಿಗಿ ರಿಂಗ್ ಕಥೆ ಏನಾಯ್ತು?’ ಅಂತ ಕೇಳುತ್ತಾರೆ, ಆಮೇಲೆ ಕೊಳ್ಳುತ್ತಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಕೇಂದ್ರ 2017ರಲ್ಲಿ ಹೇಳಿದ್ದಕ್ಕೂ ಇದು ಹೊಂದುತ್ತದೆ. ಕೊಳ್ಳುವ ಸಾಧ್ಯತೆ ಜಾಸ್ತಿ ಇರುವುದು ರೇಟಿಂಗ್ 4.0ರಿಂದ 4.7ರ ನಡುವೆ ಇದ್ದಾಗ. 5ರ ಹತ್ತಿರ ಹೋದಂತೆ ಅದು ಇಳಿಯುತ್ತದೆ. ಪೂರ್ತಿ ಐದು ನಕ್ಷತ್ರ ಕಂಡರೆ ನಮಗೂ ಒಂದು ಕ್ಷಣ ಹುಬ್ಬು ಮೇಲೇರುತ್ತದಲ್ಲ.

ಈ ದಾರಿಯ ದೋಷ ಅಂದರೆ ಬೇರೆಯವರು ಇದನ್ನು ಕೊಂಡುಕೊಳ್ಳಬಹುದು. ಸುಳ್ಳು ರಿವ್ಯೂ ಬರೆಸುವುದೇ ಒಂದು ದಂಧೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಿಂದ ಅದನ್ನು ನೇರವಾಗಿ ನಿಷೇಧಿಸುವ ನಿಯಮ ಜಾರಿಗೆ ತಂದದ್ದು ಸುಮ್ನೆ ಅಲ್ಲ. ಮತ್ತೆ ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ಹೇಳಿಸಲು ಯಾರೂ ಇರುವುದಿಲ್ಲ. ಅವರಿಗೆ ಈ ದಾರಿ ಮುಚ್ಚಿದ ಹಾಗೆಯೇ.

ಇನ್ನು ನಾಲ್ಕನೆಯದು. ನಾನು ನಿಂತಿರುವುದು ಇದರ ಮೇಲೆ: ಕುಂದನ್ನು ಮೊದಲ ಸಾಲಿನಲ್ಲೇ ಹೇಳುವುದು. ಒಂದು 50 ಎಂಎಂ ಲೆನ್ಸಿಗೆ ನಾನು ಬರೆದದ್ದನ್ನು ಹಾಗೇ ಕೊಡುತ್ತೇನೆ:

‘ಹಿಂದಿನ ಗಾಜಿನ ಅಂಚಿನಲ್ಲಿ ಫಂಗಸ್ ಶುರುವಾಗಿದೆ, ಜೇಡರ ಬಲೆಯ ಎರಡು ಎಳೆಯಷ್ಟು. ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋ ಮೊದಲನೆಯದೇ ಇದೆ, ದೊಡ್ಡದು ಮಾಡಿ ನೋಡಿ. ಸಾಮಾನ್ಯ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಇದು ನನಗೆ ಕಂಡಿಲ್ಲ. ಸೂರ್ಯನಿಗೆ ಎದುರಾಗಿ ತೆಗೆದರೆ ಚಿತ್ರ ಸ್ವಲ್ಪ ಮಬ್ಬಾಗುತ್ತದೆ, ಅದರ ಸ್ಯಾಂಪಲ್ ಕೊನೆಯಲ್ಲಿದೆ. ಕ್ಲೀನ್ ಮಾಡಿಸದೆ ತೇವ ಇರುವಲ್ಲಿ ಇಟ್ಟರೆ ಇದು ಬೆಳೆಯುತ್ತದೆ. ಅಪರ್ಚರ್ ಎಲೆಗಳಲ್ಲಿ (ಒಳಗೆ ಬರುವ ಬೆಳಕನ್ನು ಹೆಚ್ಚುಕಡಿಮೆ ಮಾಡುವ ತೆಳು ಪಟ್ಟಿಗಳು) ಎಣ್ಣೆ ಇಲ್ಲ. ಎದುರು ಬೆಳಕಿಟ್ಟು ಫೋಟೋ ತೆಗೆಯುವವರಿಗೆ ಈ ಲೆನ್ಸ್ ಬೇಡ.’

ಇದನ್ನು ಹಾಕಿದರೆ ಮೆಸೇಜುಗಳು ಕಡಿಮೆಯಾಗುತ್ತವೆ. ಮೊದಲ ದಾರಿಗೆ ಹೋಲಿಸಿದರೆ ತೀರಾ ಕಡಿಮೆ. ಆದರೆ ಬರುವವರು ‘ಫಂಗಸ್ ಇದೆಯಾ’ ಅಂತ ಕೇಳುವುದಿಲ್ಲ, ‘ಯಾವಾಗ ಕಳಿಸ್ತೀರಾ’ ಅಂತ ಕೇಳುತ್ತಾರೆ. ಬೆಲೆಯಲ್ಲೂ ಎಳೆದಾಟ ಅಷ್ಟಾಗಿ ಇರುವುದಿಲ್ಲ. ಕುಂದು ಹೇಳಿದರೆ ಅದನ್ನೇ ಹಿಡಿದು ಚೌಕಾಸಿ ಮಾಡುತ್ತಾರೆ ಅಂದುಕೊಳ್ಳುವುದು ಸಹಜ. ನಾನು ಕಂಡದ್ದು ಉಲ್ಟಾ. ಕುಂದಿನ ಲೆಕ್ಕ ಬೆಲೆಯಲ್ಲಿ ಆಗಲೇ ಸೇರಿದೆ ಅಂತ ಅವರಿಗೆ ಗೊತ್ತಾಗಿರುತ್ತದೆ. ಚೌಕಾಸಿ ಹೆಚ್ಚುವುದು ಗೊತ್ತಿರುವ ಕುಂದಿಗಲ್ಲ, ಗೊತ್ತಿಲ್ಲದ ಭಯಕ್ಕೆ. ಅದೇ ಬರಹದಲ್ಲಿ ‘ಅಪರ್ಚರ್ ಎಲೆಗಳಲ್ಲಿ ಎಣ್ಣೆ ಇಲ್ಲ’ ಅಂದಾಗ ಅದನ್ನೂ ನಂಬುತ್ತಾರೆ. ಇದೇ ಸಾಲನ್ನು ಮೊದಲ ದಾರಿಯಲ್ಲಿ ಬರೆದಿದ್ದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಫಂಗಸ್ ಇದೆ ಅಂದವನು ಎಣ್ಣೆ ಇದ್ದರೆ ಅದನ್ನೂ ಹೇಳುತ್ತಿದ್ದ ಅನ್ನುವುದು ಅವರ ಲೆಕ್ಕ.

ಇದರಲ್ಲಿ ಕಷ್ಟದ ಭಾಗ ಕುಂದು ಒಪ್ಪಿಕೊಳ್ಳುವುದಲ್ಲ. ಆ ಕುಂದಿನಿಂದ ಕೊಳ್ಳುವವರ ಕೆಲಸಕ್ಕೆ ಏನಾಗುತ್ತದೆ ಅಂತ ಬಿಡಿಸಿ ಹೇಳುವುದು. ‘ಫಂಗಸ್ ಇದೆ’ ಅಂತಷ್ಟೇ ಬರೆದರೆ ತಿಳಿದವರಿಗೆ ಸಾಲದು, ತಿಳಿಯದವರಿಗೆ ಗಾಬರಿ. ಕ್ಯಾಮೆರಾ ಬಾಡಿಯ ಶಟರ್ ಕೌಂಟ್, ಅಂದರೆ ಅದರಲ್ಲಿ ಇದುವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನುವ ಲೆಕ್ಕ, ಕೂಡ ಹಾಗೆಯೇ. 80 ಸಾವಿರ ಅಂತ ಒಂದು ಅಂಕಿ ಬರೆದು ಬಿಟ್ಟರೆ ಏನೂ ಹೇಳಿದ ಹಾಗಾಗಲಿಲ್ಲ. ಆ ಮಾಡೆಲ್‌ಗೆ ಕಂಪನಿ ಹೇಳುವ ಶಟರ್ ಆಯುಷ್ಯ 1 ಲಕ್ಷವಾ, 2 ಲಕ್ಷವಾ ಅಂತ ಪಕ್ಕದಲ್ಲೇ ಬರೆಯಬೇಕು. ಮದುವೆ ಫೋಟೋ ತೆಗೆಯುವವರು ಒಂದೇ ದಿನದಲ್ಲಿ ಸಾವಿರಗಟ್ಟಲೆ ಕ್ಲಿಕ್ ಮಾಡುತ್ತಾರೆ. ಹವ್ಯಾಸಕ್ಕೆ ತೆಗೆಯುವವರಿಗೆ ಉಳಿದ 20 ಸಾವಿರ ವರ್ಷಗಟ್ಟಲೆ ಬರಬಹುದು. ಅಂಕಿ ಒಂದೇ, ಇಬ್ಬರಿಗೂ ಅದರ ಅರ್ಥ ಬೇರೆ.

ಈ ದಾರಿ ಎಲ್ಲ ಕಡೆ ನಡೆಯುತ್ತದೆ ಅಂತ ಹೇಳುವುದಿಲ್ಲ. ಸಾಮಾನು ಒಟ್ಟಾರೆ ಚೆನ್ನಾಗಿರಬೇಕು, ಆಗ ಮಾತ್ರ ಕುಂದು ಹೇಳಿದ್ದಕ್ಕೆ ಫಲ. 1966ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರೊನ್ಸನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು. ಕ್ವಿಜ್‌ನಲ್ಲಿ ಬಹುತೇಕ ಎಲ್ಲಕ್ಕೂ ಸರಿ ಉತ್ತರ ಕೊಟ್ಟವನು ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಂಡರೆ, ಅದರ ಟೇಪ್ ರೆಕಾರ್ಡಿಂಗ್ ಕೇಳಿದ ವಿದ್ಯಾರ್ಥಿಗಳಿಗೆ ಅವನು ಇನ್ನಷ್ಟು ಇಷ್ಟವಾದ. ಸಾಧಾರಣವಾಗಿ ಉತ್ತರಿಸಿದವನು ಅದೇ ರೀತಿ ಚೆಲ್ಲಿಕೊಂಡರೆ ಅವನ ಮೇಲಿದ್ದ ಇಷ್ಟವೂ ಇಳಿಯಿತು. ಮುಂದಿನ ಗಾಜು ಗೀಚಿ, ರಿಂಗ್ ಸಡಿಲಾಗಿ, ಆಟೋಫೋಕಸ್ ಕೈಕೊಟ್ಟ ಲೆನ್ಸಿನ ಕುಂದುಗಳನ್ನೆಲ್ಲ ಪಟ್ಟಿ ಮಾಡಿದರೆ ಪ್ರಾಮಾಣಿಕತೆಗೆ ಶಹಬ್ಬಾಸ್ ಸಿಗಬಹುದು, ಗಿರಾಕಿ ಸಿಗುವುದಿಲ್ಲ. ಅಂಥದ್ದನ್ನು ಬಿಡಿ ಭಾಗಕ್ಕೆ ಅಂತಲೇ ಮಾರುವುದು ವಾಸಿ.

ಹೊಸಬರ ವಿಷಯದಲ್ಲೂ ಇದು ಸೋಲುತ್ತದೆ. ಮೊದಲ ಲೆನ್ಸ್ ಕೊಳ್ಳುವವರು ನನ್ನ ಬರಹದಲ್ಲಿ ‘ಫಂಗಸ್’ ಅಂತ ನೋಡಿದ ಕೂಡಲೇ ಮುಂದಿನ ಜಾಹೀರಾತಿಗೆ ಹೋಗಿಬಿಡುತ್ತಾರೆ. ಅಲ್ಲಿ ‘ಸೂಪರ್ ಕಂಡೀಷನ್’ ಅಂತ ಇರುತ್ತದೆ. ಅದರೊಳಗೆ ಇದಕ್ಕಿಂತ ದೊಡ್ಡ ಬಲೆ ಇರಬಹುದು, ಆದರೆ ಅಲ್ಲಿ ಟಾರ್ಚ್ ಬಿಟ್ಟ ಫೋಟೋ ಇರುವುದಿಲ್ಲವಲ್ಲ. ಹೊಟ್ಟೆ ಉರಿಯುತ್ತದೆ, ಏನು ಮಾಡುವುದು.

ಇತ್ತೀಚೆಗೆ ಒಂದು ಹೊಸ ಚಾಳಿ ಕಾಣುತ್ತಿದೆ. ಕುಂದು ಹೇಳಿದರೆ ನಂಬುತ್ತಾರೆ ಅಂತ ಗೊತ್ತಾದ ಮೇಲೆ, ಕೆಲವರು ಲೆಕ್ಕಕ್ಕಿಲ್ಲದ ಕುಂದನ್ನು ಹುಡುಕಿ ಬರೆಯುತ್ತಾರೆ. ‘ಪ್ರಾಮಾಣಿಕವಾಗಿ ಹೇಳುತ್ತೇನೆ, ಡಬ್ಬಿಯ ಮೂಲೆ ಸ್ವಲ್ಪ ಮಡಚಿದೆ.’ ಡಬ್ಬಿಯ ಮೂಲೆಯಿಂದ ಮಾರುವವನಿಗೆ ಹೋಗುವುದೇನೂ ಇಲ್ಲ. ನಾನು ಕೊಳ್ಳುವಾಗ ಇಂಥ ಬರಹ ಕಂಡರೆ ಇನ್ನೂ ಜಾಸ್ತಿ ಕೇಳುತ್ತೇನೆ. ಹಿಂದಿನಿಂದ ಬೆಳಕು ಬಿಟ್ಟು ಒಂದು ಫೋಟೋ ಕಳಿಸಿ ಅಂತ ಕೇಳಿ ನೋಡಿ. ಕೊಡಲು ಮನಸ್ಸಿರುವವರು ಅದೇ ದಿನ ಕಳಿಸುತ್ತಾರೆ. ಉಳಿದವರ ಟಾರ್ಚಿನ ಬ್ಯಾಟರಿ ಯಾವಾಗಲೂ ಮುಗಿದಿರುತ್ತದೆ.

ಹೊಸಬರ ಹೆದರಿಕೆಗೆ ನಾನು ಕಂಡುಕೊಂಡ ಉಪಾಯ, ಬರಹದ ಜೊತೆ ವಾಪಸಾತಿಯ ಮಾತನ್ನೂ ಸೇರಿಸುವುದು. ‘ಬಳಸಿ ನೋಡಿ, ನಾನು ಹೇಳಿದ್ದಕ್ಕಿಂತ ಬೇರೆ ಏನಾದರೂ ಕಂಡರೆ ಹತ್ತು ದಿನದೊಳಗೆ ವಾಪಸ್ ಕಳಿಸಿ, ಎರಡೂ ಕಡೆಯ ಕೊರಿಯರ್ ಖರ್ಚು ನನ್ನದು.’ ಮೈಕೆಲ್ ಸ್ಪೆನ್ಸ್ 1973ರಲ್ಲಿ ಬರೆದದ್ದರ ತಿರುಳು ಇಲ್ಲಿ ಕೆಲಸ ಮಾಡುತ್ತದೆ: ಒಳ್ಳೆಯವನಿಗೆ ಅಗ್ಗವಾಗಿ, ಕೆಟ್ಟವನಿಗೆ ದುಬಾರಿಯಾಗಿ ಬೀಳುವ ಗುರುತಿಗೆ ಮಾತ್ರ ಬೆಲೆ. ಲೆನ್ಸ್ ಸರಿಯಿದ್ದರೆ ನನಗೆ ಈ ಮಾತಿನಿಂದ ಖರ್ಚು ಬರುವುದು ಅಪರೂಪ. ಮುಚ್ಚಿಟ್ಟು ಮಾರುವವನು ಇದನ್ನು ಬರೆದರೆ ಪ್ರತಿ ಪಾರ್ಸೆಲ್‌ಗೂ ಕೊರಿಯರ್ ಖರ್ಚು ಕಟ್ಟಬೇಕು. ಹಾಗಂತ ‘ಇಷ್ಟವಾಗದಿದ್ದರೆ ವಾಪಸ್’ ಅಂತ ಬರೆಯಬೇಡಿ. ಅದನ್ನೂ ಪ್ರಯತ್ನಿಸಿದೆ. ವಾರಾಂತ್ಯದ ಪ್ರವಾಸಕ್ಕೆ ಲೆನ್ಸ್ ಬಾಡಿಗೆಗೆ ಕೊಟ್ಟ ಹಾಗಾಯಿತು.

ಹಾಗಾದರೆ ಯಾವುದು ಯಾವಾಗ? ದುಬಾರಿ ಲೆನ್ಸ್, ತಿಳಿದ ಗಿರಾಕಿ ಅಂದರೆ ನಾಲ್ಕನೆಯದೇ. ವಾಪಸಾತಿಯ ಮಾತೂ ಜೊತೆಗಿದ್ದರೆ ಬೇರೆ ಯೋಚನೆ ಬೇಡ. ಹೆಸರು ಬೆಳೆದ ಮೇಲೆ ಮೂರನೆಯದು ತಾನಾಗೇ ಸೇರಿಕೊಳ್ಳುತ್ತದೆ, ಆದರೆ ಗೊಣಗಿದವರ ಸಾಲು ತೆಗೆಯಬೇಡಿ. ಇನ್ನು ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಇದೆಯಲ್ಲ, ಅದಕ್ಕೆ ಇಷ್ಟೆಲ್ಲ ಟಾರ್ಚ್ ಹಿಡಿದು ಪುರಾಣ ಬರೆಯುವುದು ದಂಡ. ಬರೆದರೆ ಲೆನ್ಸಿಗಿಂತ ಬರಹವೇ ಭಾರವಾಗಿ, ಏನೋ ದೊಡ್ಡ ಸಮಸ್ಯೆ ಇರಬೇಕು ಅಂತ ಜನ ದೂರ ಹೋಗುತ್ತಾರೆ. ಅದಕ್ಕೆ ನಾನು ಈಗಲೂ ಬರೆಯುವುದು ಎರಡೇ ಸಾಲು: ‘ಒಳಗೆ ಸ್ವಲ್ಪ ಧೂಳಿದೆ, ಫೋಟೋದಲ್ಲಿ ಕಾಣುವುದಿಲ್ಲ. ಆಟೋಫೋಕಸ್ ಸರಿಯಿದೆ.’