ಉಕ್ಕಿನ ರಫಿಂಗ್‌ಗೆ ಸೈಡ್‌ಲಾಕ್: ಮೂರು ಟೂಲ್ ಹೋಲ್ಡರ್‌ಗಳ ಹೋಲಿಕೆ

ಪೀಣ್ಯದಲ್ಲಿರುವ ನಮ್ಮ ಸಣ್ಣ ಘಟಕದ ಬಿಟಿ40 ವಿಎಂಸಿಗೆ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರಕ್ಕೆ) ಸೈಡ್‌ಲಾಕ್ ಹೋಲ್ಡರ್‌ಗಳನ್ನು, ಅಂದರೆ ಕತ್ತರಿಸುವ ಟೂಲನ್ನು ಪಕ್ಕದ ಸ್ಕ್ರೂನಿಂದ ಹಿಡಿಯುವ ಹೋಲ್ಡರ್‌ಗಳನ್ನು, ತಂದ ಮೇಲೆ, ಉಕ್ಕಿನ ರಫಿಂಗ್‌ಗೆ (ಹೆಚ್ಚಿನ ಲೋಹವನ್ನು ಬೇಗ ಕಡಿದು ತೆಗೆಯುವ ಮೊದಲ ಹಂತಕ್ಕೆ) ಬೇರೊಂದನ್ನು ಹಾಕುವ ಮನಸ್ಸೇ ನನಗಾಗಿಲ್ಲ. ಅದಕ್ಕೂ ಮೊದಲು ಬಹುತೇಕ ಎಲ್ಲ ಕೆಲಸವೂ ಇಆರ್32 ಕಾಲೆಟ್ ಚಕ್‌ನಲ್ಲಿ (ಸೀಳುಗಳಿರುವ ಕೊಳವೆಯಂಥ ಕಾಲೆಟನ್ನು ನಟ್‌ನಿಂದ ಬಿಗಿದು ಟೂಲ್ ಹಿಡಿಯುವ ಹೋಲ್ಡರ್‌ನಲ್ಲಿ) ನಡೆಯುತ್ತಿತ್ತು. ರಂಧ್ರವನ್ನು ನಿಖರ ಅಳತೆಗೆ ತರುವ ರೀಮರ್‌ಗೆಂದು, ಎಣ್ಣೆಯ ಒತ್ತಡದಿಂದ ಟೂಲ್ ಹಿಡಿಯುವ ಒಂದು ಹೈಡ್ರಾಲಿಕ್ ಚಕ್ ಕೂಡ ಇದೆ.

ಇಆರ್ ಕಾಲೆಟ್‌ನ ಉಪಕಾರವನ್ನು ಮರೆಯಲಾಗದು. ಅದು ಡಿಐಎನ್ 6499 ಮಾನಕಕ್ಕೆ ಒಳಪಟ್ಟಿರುವುದರಿಂದ ಒಬ್ಬರ ಕಾಲೆಟ್ ಇನ್ನೊಬ್ಬರ ಚಕ್‌ಗೆ ಕೂರುತ್ತದೆ, ಮತ್ತು ಒಂದೇ ಚಕ್ 20 ಮಿ.ಮೀ. ವರೆಗಿನ ಡ್ರಿಲ್‌ಗಳನ್ನೂ, ಪಕ್ಕದಿಂದಲೂ ತುದಿಯಿಂದಲೂ ಕತ್ತರಿಸುವ ಎಂಡ್‌ಮಿಲ್‌ಗಳನ್ನೂ ಹಿಡಿಯುತ್ತದೆ.

ಆದರೆ ಇಎನ್24 ಎಂಬ ಗಟ್ಟಿ ಮಿಶ್ರ ಉಕ್ಕಿನ ಬ್ಲಾಕ್‌ನಲ್ಲಿ 12 ಮಿ.ಮೀ. ಕಾರ್ಬೈಡ್ ಎಂಡ್‌ಮಿಲ್‌ನಿಂದ ಆಳವಾದ ಪಾಕೆಟ್ (ಗುಳಿ) ತೆಗೆಯುವಾಗ ಅದರ ನಿಜವಾದ ತೊಡಕು ಎದುರಾಗುತ್ತದೆ. ಬಲ ಸುರುಳಿಯ ಎಂಡ್‌ಮಿಲ್ ತಿರುಗುತ್ತ ತನ್ನನ್ನು ತಾನೇ ಲೋಹದೊಳಕ್ಕೆ ಎಳೆದುಕೊಳ್ಳುತ್ತದೆ. ಕಾಲೆಟ್ ಅದನ್ನು ಹಿಡಿದಿರುವುದು ಕೇವಲ ಘರ್ಷಣೆಯಿಂದ. ಹೊರೆ ಹೆಚ್ಚಿದಾಗ ನುಣುಪಾದ ಶ್ಯಾಂಕ್ (ಹೋಲ್ಡರ್‌ನೊಳಗಿರುವ ಟೂಲ್‌ನ ಹಿಡಿ) ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ, ಮತ್ತೆ ಜಾರುತ್ತದೆ. ಪರದೆಯ ಮೇಲಿನ ಟೂಲ್ ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟಿರುವ ಟೂಲ್‌ನ ಉದ್ದದ ಅಳತೆ) ಮಾತ್ರ ಹಾಗೆಯೇ ಇರುವುದರಿಂದ ಆಪರೇಟರ್‌ಗೆ ಏನೂ ತಿಳಿಯುವುದಿಲ್ಲ. ಪಾಕೆಟ್‌ನ ತಳ ಒಂದು ತುದಿಯಲ್ಲಿ ಸರಿಯಾಗಿದ್ದು ಇನ್ನೊಂದು ತುದಿಯಲ್ಲಿ ಆಳವಾಗಿರುವುದು ಡೆಪ್ತ್ ಗೇಜ್ ಇಟ್ಟಾಗಲೇ ಗೊತ್ತಾಗುವುದು, ಮತ್ತು ಕೆತ್ತಿ ಹೋದ ಲೋಹವನ್ನು ಯಾವ ಫಿನಿಶಿಂಗ್ ಕಟ್ ಕೂಡ ಮರಳಿ ತಾರದು.

ಇದಕ್ಕೆ ಪರಿಹಾರಗಳಿಲ್ಲವೆಂದಲ್ಲ. ಕಾಲೆಟ್, ಶ್ಯಾಂಕ್ ಎರಡನ್ನೂ ಎಣ್ಣೆಯಿಲ್ಲದಂತೆ ಒರೆಸಬೇಕು. ಕಾಲೆಟನ್ನು ಮೊದಲು ನಟ್‌ಗೆ ಕೂರಿಸಿ ಆಮೇಲೆ ಚಕ್‌ಗೆ ಹಾಕಬೇಕು. ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಇಷ್ಟನ್ನೂ ಪಾಲಿಸಿದಾಗ ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬನೇ ಹುಡುಗ ಎರಡು ಯಂತ್ರ ನೋಡುವ ನಮ್ಮಂಥ ಕಡೆ ಪ್ರತಿ ಟೂಲ್ ಬದಲಾವಣೆಗೂ ಇಷ್ಟು ಶಿಸ್ತನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಸೈಡ್‌ಲಾಕ್‌ನಲ್ಲಿ ಗ್ರಬ್ ಸ್ಕ್ರೂ ಶ್ಯಾಂಕ್‌ನ ಚಪ್ಪಟೆ ಭಾಗದ ಮೇಲೆ ನೇರವಾಗಿ ಕೂರುತ್ತದೆ. ಬಿಗಿಯುವ ಮುನ್ನ ಟೂಲನ್ನು ಹೊರಕ್ಕೆ ಎಳೆದು, ಚಪ್ಪಟೆಯ ಮೇಲಂಚು ಸ್ಕ್ರೂಗೆ ತಾಗುವಂತೆ ಹಿಡಿದರೆ ಅದು ಕೆಳಗಿಳಿಯಲು ಜಾಗವೇ ಉಳಿಯುವುದಿಲ್ಲ. ಒಂದು ಅಲೆನ್ ಕೀ ಸಾಕು. ಸ್ಕ್ರೂ ಟೂಲನ್ನು ಒಂದು ಪಕ್ಕಕ್ಕೆ ಒತ್ತುವುದರಿಂದ ರನೌಟ್ (ತಿರುಗುವಾಗ ಟೂಲ್ ಕೇಂದ್ರದಿಂದ ಓಲುವ ಪ್ರಮಾಣ) ಮಾತ್ರ ಕಾಲೆಟ್‌ಗಿಂತ ಹೆಚ್ಚು. ಹಾಗಾಗಿ ಫಿನಿಶಿಂಗ್‌ಗೆ ನಾನು ಇದನ್ನು ಬಳಸುವುದಿಲ್ಲ. ಪ್ರತಿ ಶ್ಯಾಂಕ್ ಅಳತೆಗೂ ಬೇರೆ ಹೋಲ್ಡರ್ ಬೇಕು, ಮತ್ತು ಚಪ್ಪಟೆಯಿರುವ ಕಾರ್ಬೈಡ್ ಎಂಡ್‌ಮಿಲ್‌ಗಳನ್ನು ಅಂಗಡಿಯಲ್ಲಿ ಕೇಳಿಯೇ ತರಿಸಬೇಕಾಗುತ್ತದೆ.

ಹೈಡ್ರಾಲಿಕ್ ಚಕ್‌ನ ರನೌಟ್ ಉಳಿದೆರಡಕ್ಕೂ ಸಿಗದಷ್ಟು ಕಡಿಮೆ, ರೀಮರ್ ಬಿಟ್ಟ ರಂಧ್ರ ಕನ್ನಡಿಯಂತಿರುತ್ತದೆ. ಅದರ ಬೆಲೆಗೆ ಹಲವು ಸೈಡ್‌ಲಾಕ್‌ಗಳು ಬರುತ್ತವೆಯಾದ್ದರಿಂದ ಅದನ್ನು ರಫಿಂಗ್‌ನ ಹೊಡೆತಕ್ಕೆ ಒಡ್ಡಲು ನಾನು ಸಿದ್ಧನಿಲ್ಲ.

ನಮ್ಮ ಜಾಬ್‌ಗಳಲ್ಲಿ ಹೆಚ್ಚಿನವು ಉಕ್ಕಿನ ಪಾಕೆಟ್‌ಗಳು, ಸ್ಪಿಂಡಲ್ 6,000 ಆರ್‌ಪಿಎಂ ದಾಟುವುದಿಲ್ಲ. ಆದ್ದರಿಂದ 10, 12, 16 ಮಿ.ಮೀ. ರಫಿಂಗ್ ಟೂಲ್‌ಗಳು ಸೈಡ್‌ಲಾಕ್‌ನಲ್ಲೇ ಇರುತ್ತವೆ. ಡ್ರಿಲ್ ಮತ್ತು ಫಿನಿಶಿಂಗ್ ಕಾಲೆಟ್‌ನಲ್ಲಿ. ಅಲ್ಯೂಮಿನಿಯಂ ಅನ್ನೇ ಹೆಚ್ಚು ವೇಗದಲ್ಲಿ ಕತ್ತರಿಸುವವರು ನನ್ನ ಆಯ್ಕೆಯನ್ನು ಅನುಸರಿಸಬೇಕಿಲ್ಲ. ಮುಂದಿನ ಬಾರಿ ಹಣ ಕೂಡಿದಾಗ ನಾನು ಕೊಳ್ಳುವುದು 20 ಮಿ.ಮೀ. ಸೈಡ್‌ಲಾಕನ್ನೇ.