ನೋ-ಹಡಲ್‌ಗೆ ರಿಸ್ಟ್‌ಬ್ಯಾಂಡೇ ಸರಿ: 19 ಹುಡುಗರ ತಂಡದಲ್ಲಿ ಮೂರೂ ಬಳಸಿ ನೋಡಿದ ಮೇಲೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮುಂದಿನ ಪ್ಲೇ, ಅಂದರೆ ಮುಂದಿನ ನಡೆ ಯಾವುದು ಅಂತ ಮೈದಾನದ ಅಂಚಿನಿಂದ ಹುಡುಗರಿಗೆ ತಿಳಿಸಲು ನಾವು ಮೂರು ದಾರಿ ನೋಡಿದೆವು: ಚಿತ್ರದ ಬೋರ್ಡ್, ಕೈಸನ್ನೆ, ಮುಂಗೈಗೆ ಕಟ್ಟುವ ರಿಸ್ಟ್‌ಬ್ಯಾಂಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಿಸ್ಟ್‌ಬ್ಯಾಂಡ್‌ಗೆ. ಅದರಿಂದ ಒಂದು ಮ್ಯಾಚಿನಲ್ಲಿ ದೊಡ್ಡ ಏಟು ತಿಂದ ಮೇಲೂ ನನ್ನ ಮಾತು ಅದೇ.

ಒಹಾಯೊದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಮೂರು ಸೀಸನ್‌ಗಳಿಂದ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್‌ಗೆ ಸಂಜೆ ಹೊತ್ತು ಕೈಜೋಡಿಸುತ್ತಿದ್ದೇನೆ. ನಮ್ಮಲ್ಲಿ ಇರುವುದೇ 19 ಹುಡುಗರು. ಮೈದಾನಕ್ಕೆ ಇಳಿಯುವುದು 11 ಜನ. ದೊಡ್ಡ ಶಾಲೆಗಳಲ್ಲಿ ಚೆಂಡು ತಮ್ಮ ಬಳಿ ಇದ್ದಾಗ ಆಡುವ ಆಫೆನ್ಸ್‌ಗೆ ಒಂದು ಗುಂಪು, ಎದುರಿನವರನ್ನು ತಡೆಯುವ ಡಿಫೆನ್ಸ್‌ಗೆ ಇನ್ನೊಂದು. ನಮ್ಮಲ್ಲಿ ಎರಡಕ್ಕೂ ಅವರೇ. ಕಬಡ್ಡಿ ಆಡಿದವರಿಗೆ ಇದು ಹೊಸದಲ್ಲ ಅಲ್ವಾ, ರೈಡ್ ಮುಗಿಸಿ ಬಂದವನೇ ಮರುಕ್ಷಣ ಹಿಡಿಯಲೂ ನಿಲ್ಲುತ್ತಾನೆ. ಆದರೆ ಇಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್, ಮೈಮೇಲೆ ಹೆಲ್ಮೆಟ್ಟು, ಪ್ಯಾಡು.

ಸಾಮಾನ್ಯವಾಗಿ ಪ್ರತಿ ಪ್ಲೇಗೂ ಮೊದಲು ಹುಡುಗರು ಚೆಂಡಿನಿಂದ ಹಿಂದೆ ಹೋಗಿ ಗುಂಪುಗೂಡುತ್ತಾರೆ. ಆಫೆನ್ಸ್ ನಡೆಸುವ ಕ್ವಾರ್ಟರ್‌ಬ್ಯಾಕ್ ಪ್ಲೇ ಹೇಳುತ್ತಾನೆ. ಅದು ಹಡಲ್. ನೋ-ಹಡಲ್ ಅಂದರೆ ಗುಂಪುಗೂಡದೆ ನೇರ ಲೈನಿಗೆ ಹೋಗಿ ನಿಂತು, ಸೈಡ್‌ಲೈನಿನಿಂದಲೇ ಪ್ಲೇ ಪಡೆಯುವುದು. ಇದನ್ನು ಕೇಳಿದವರೆಲ್ಲ ಮೊದಲು ಕೇಳುವುದು, ಎರಡೂ ಕಡೆ ಆಡುವ ಹುಡುಗರು ಸುಸ್ತಾಗಿ ಬೀಳುವುದಿಲ್ವಾ ಅಂತ. ಓಡಿಸಿ ಓಡಿಸಿ ಆಡಿಸಿದರೆ ಖಂಡಿತ ಬೀಳುತ್ತಾರೆ. ಮೊದಲ ಸೀಸನ್‌ನಲ್ಲಿ ನಾವು ಆ ತಪ್ಪು ಮಾಡಿದೆವು. ಸರಸರನೆ ಮೂರು ಪ್ಲೇ ಆಡಿ, 10 ಗಜ ದಾಟಲಾಗದೆ ಚೆಂಡನ್ನು ಎದುರಿನವರಿಗೆ ಒದ್ದು ಕೊಟ್ಟರೆ ಎರಡು ನಿಮಿಷವೂ ಆಗಿರುತ್ತಿರಲಿಲ್ಲ. ಏದುಸಿರು ಬಿಡುತ್ತಲೇ ಅದೇ ಹುಡುಗರು ಡಿಫೆನ್ಸ್‌ಗೆ ನಿಲ್ಲಬೇಕು. ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿಯ ವೃತ್ತಿಪರ ತಂಡ ಬಫಲೋ ಬಿಲ್ಸ್ ನೋ-ಹಡಲ್ ಆಡಿಯೇ 1990ರಿಂದ 1993ರ ಸೀಸನ್‌ವರೆಗೆ ಸತತ ನಾಲ್ಕು ಸಲ ಸೂಪರ್ ಬೌಲ್ ಫೈನಲ್ ತಲುಪಿತು, ನಿಜ. ಆದರೆ ಅವರ ಡಿಫೆನ್ಸ್‌ನವರು ಅಷ್ಟೂ ಹೊತ್ತು ಬೆಂಚಿನ ಮೇಲೆ ನೀರು ಕುಡಿಯುತ್ತಾ ಕೂತಿರುತ್ತಿದ್ದರು.

ನಾವೀಗ ಆಡಿಸುವುದು ನಿಧಾನದ ನೋ-ಹಡಲ್. 2019ರಿಂದ ಹೈಸ್ಕೂಲ್ ನಿಯಮದಲ್ಲಿ ಎರಡು ಪ್ಲೇಗಳ ನಡುವೆ ಸಾಮಾನ್ಯವಾಗಿ 40 ಸೆಕೆಂಡ್ ಸಿಗುತ್ತದೆ. ಅದರಲ್ಲಿ 30 ಸೆಕೆಂಡ್ ನಾವು ಲೈನಿನಲ್ಲೇ ಕಳೆಯುತ್ತೇವೆ. ಹುಡುಗರು ಮಂಡಿಯ ಮೇಲೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಾರೆ. ನಾವು ಯಾವ ಕ್ಷಣದಲ್ಲಿ ಚೆಂಡು ಎತ್ತುತ್ತೇವೋ ಅಂತ ಎದುರಿನವರು ಮಾತ್ರ ಎಚ್ಚರವಾಗೇ ಇರಬೇಕು. ಹಡಲ್ ಆದರೆ ಏಳು ಗಜ ಹಿಂದೆ, ಏಳು ಗಜ ಮುಂದೆ. 60 ಪ್ಲೇಗೆ ಲೆಕ್ಕ ಹಾಕಿ, 840 ಗಜ. ಲೈನಿನಲ್ಲಿ ನಿಲ್ಲುವ 120 ಕೆಜಿಯ ಟ್ಯಾಕಲ್ ಆಟಗಾರನಿಗೆ ಅಷ್ಟು ಸುಮ್ನೆ ನಡೆದಾಟ ಯಾಕೆ ಬೇಕು?

ಇನ್ನು ಪ್ಲೇ ಹೇಗೆ ತಿಳಿಸುವುದು ಅನ್ನುವ ಪ್ರಶ್ನೆ.

ಚಿತ್ರ ತೋರಿಸಿ ಪ್ಲೇ ತಿಳಿಸುವ ಬೋರ್ಡ್ ನಮಗೆ ಆಗಿಬರಲಿಲ್ಲ. ಚಿಪ್ ಕೆಲ್ಲಿ ಕೋಚ್ ಆಗಿದ್ದಾಗ ಆರೆಗಾನ್ ವಿಶ್ವವಿದ್ಯಾಲಯದ ತಂಡ ಇದನ್ನು ಹೆಸರುವಾಸಿ ಮಾಡಿತು. ಆದರೆ ಬೋರ್ಡ್ ಎತ್ತಿ ಹಿಡಿಯಲು ಜನ ಬೇಕು. ಬೆಂಚಿನಲ್ಲಿ ಎಂಟೇ ಹುಡುಗರಿದ್ದು, ಅವರಲ್ಲಿ ಇಬ್ಬರ ಕಾಲಿಗೆ ಐಸ್ ಕಟ್ಟಿದ್ದರೆ ಯಾರ ಕೈಗೆ ಕೊಡುವುದು?

ಕೈಸನ್ನೆಗೆ ದುಡ್ಡು ಬೇಡ. ಅದರ ಹಿಂದೆ ಒಂದು ಒಳ್ಳೆಯ ಕಥೆಯೂ ಇದೆ. 1890ರ ದಶಕದಲ್ಲಿ ಕಿವುಡರ ಗ್ಯಾಲೊಡೆಟ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಪಾಲ್ ಹಬ್ಬರ್ಡ್ ತನ್ನ ಕೈಸನ್ನೆ ಎದುರಿನವರಿಗೆ ಕಾಣದಿರಲಿ ಅಂತ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡ, ಹಡಲ್ ಹುಟ್ಟಿದ್ದೇ ಹಾಗೆ ಎನ್ನುತ್ತಾರೆ. ಕದಿಯುವವರ ಭಯ ಇವತ್ತಿಗೂ ಇದೆ. ಅದಕ್ಕಿಂತ ಜಾಸ್ತಿ ನಮಗೆ ಕಷ್ಟ ಆಗಿದ್ದು ನೆನಪಿನದು. ಆಫೆನ್ಸ್‌ನ ಮೂವತ್ತು ಸನ್ನೆ, ಮೇಲೆ ಡಿಫೆನ್ಸ್‌ನ ಸನ್ನೆ, ಎರಡೂ ಒಂದೇ ತಲೆಯಲ್ಲಿ. ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಹುಡುಗರು ನನ್ನ ಕೈ ನೋಡಿ, ಪಕ್ಕದವನ ಮುಖ ನೋಡುತ್ತಿದ್ದರು.

ಹಾಗಾಗಿ ಎರಡನೇ ಸೀಸನ್‌ಗೆ 20 ರಿಸ್ಟ್‌ಬ್ಯಾಂಡ್ ತರಿಸಿದೆ. ಮುಂಗೈಗೆ ಕಟ್ಟುವ ಎಲಾಸ್ಟಿಕ್ ಪಟ್ಟಿ, ಅದರಲ್ಲಿ ಪ್ಲಾಸ್ಟಿಕ್ ಕಿಟಕಿ, ಒಳಗೆ ನಂಬರ್ ಹಾಕಿದ ಪ್ಲೇಗಳ ಚೀಟಿ. ನಾನು ನಂಬರ್ ಕೂಗಿದರೆ ಮುಗಿಯಿತು. ಎದುರಿನವರಿಗೆ ಕೇಳಿಸಿದರೂ ಚಿಂತೆಯಿಲ್ಲ, ವಾರ ವಾರ ಚೀಟಿ ಬದಲು.

ತಪ್ಪಿದ್ದು ಎಲ್ಲಿ ಅಂದರೆ, ಅದಕ್ಕೆ ಎರಡು ಕಿಟಕಿ ಇತ್ತು. ಒಂದರಲ್ಲಿ ಆಫೆನ್ಸ್‌ನ ಹಳದಿ ಚೀಟಿ, ಮುಚ್ಚಳ ಎತ್ತಿದರೆ ಡಿಫೆನ್ಸ್‌ನ ನೀಲಿ ಚೀಟಿ. ಎರಡರಲ್ಲೂ ನಂಬರ್‌ಗಳೇ. ಅಭ್ಯಾಸದಲ್ಲಿ ಒಂದು ದಿನವೂ ತೊಂದರೆ ಆಗಲಿಲ್ಲ, ಯಾಕೆಂದರೆ ಆಫೆನ್ಸ್ ಬೇರೆ ಹೊತ್ತು, ಡಿಫೆನ್ಸ್ ಬೇರೆ ಹೊತ್ತು ಅಭ್ಯಾಸ ಮಾಡಿಸುತ್ತಿದ್ದೆವು.

ಮ್ಯಾಚಿನ ಮೂರನೇ ಕ್ವಾರ್ಟರ್. ನಮ್ಮ ಚೆಂಡು ಕೈತಪ್ಪಿ ಎದುರಿನವರ ಪಾಲಾಯಿತು. ಹುಡುಗರು ನಿಂತ ಜಾಗದಲ್ಲೇ ಡಿಫೆನ್ಸ್‌ಗೆ ತಿರುಗಿದರು. ನಾನು 32 ಅಂತ ಕೂಗಿದೆ. ಆಫೆನ್ಸ್‌ನಲ್ಲಿ ಲೈನಿನಲ್ಲಿ ನಿಲ್ಲುವ ನಮ್ಮ ಗಾರ್ಡೇ ಡಿಫೆನ್ಸ್‌ನಲ್ಲಿ ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್. ಅವನು ಮುಂಗೈ ತಿರುಗಿಸಿದ. ಬೆವರಿಗೆ ಕಿಟಕಿ ಮಂಜಾಗಿತ್ತು. ಹೆಬ್ಬೆರಳಲ್ಲಿ ಒರೆಸಿ ಓದಿದ. ಓದಿದ್ದು ಹಳದಿ ಚೀಟಿಯ 32. ಅದರಲ್ಲಿ ಇದ್ದದ್ದು ನಾವು ಚೆಂಡು ಒಯ್ಯುವ ಪ್ಲೇ. ಅರ್ಥವಾಗದೆ ತಲೆ ಎತ್ತಿ ನನ್ನ ಕಡೆ ನೋಡಿದ. ಅಷ್ಟರಲ್ಲಿ ಚೆಂಡು ಎದ್ದಾಗಿತ್ತು, ಓಟಗಾರ ಅವನ ಪಕ್ಕದಿಂದಲೇ ನುಗ್ಗಿ 40 ಗಜ ದಾಟಿಬಿಟ್ಟ. ಹುಡುಗ ಆಮೇಲೆ ಬಂದು ಸಾರಿ ಅಂದ. ಅವನ ತಪ್ಪು ಏನೂ ಇರಲಿಲ್ಲ. ಎರಡೂ ಕಡೆ ಆಡುವವನ ಕೈಗೆ ಎರಡೂ ಭಾಷೆಯನ್ನು ಒಂದೇ ಲಿಪಿಯಲ್ಲಿ ಬರೆದು ಕಟ್ಟಿದ್ದು ನಾನು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ನೀಲಿ ಚೀಟಿ ತೆಗೆದು ಹಾಕಿದೆ. ಡಿಫೆನ್ಸ್‌ಗೆ ಆರೇ ಕರೆ, ಆರಕ್ಕೂ ಕೈಸನ್ನೆ. ತಲೆ ಮುಟ್ಟಿದರೆ ಒಂದು, ಬೆಲ್ಟ್ ಮುಟ್ಟಿದರೆ ಇನ್ನೊಂದು. ರಿಸ್ಟ್‌ಬ್ಯಾಂಡ್ ಆಫೆನ್ಸ್‌ಗೆ ಮಾತ್ರ. ಈಗ ಕಿವಿಗೆ ನಂಬರ್ ಬಿದ್ದರೆ ಆಫೆನ್ಸ್, ಕೈ ಕಂಡರೆ ಡಿಫೆನ್ಸ್. ಚೀಟಿಯಲ್ಲಿ 48 ಪ್ಲೇ ಇದ್ದದ್ದನ್ನು 24ಕ್ಕೆ ಇಳಿಸಿ ಅಕ್ಷರ ದೊಡ್ಡದು ಮಾಡಿದೆ. ಆಮೇಲೆ ಆ ಗೊಂದಲ ಒಂದು ಸಲವೂ ಆಗಿಲ್ಲ.

ಒಂದಕ್ಕೆ ಸುಮಾರು 8 ಡಾಲರ್ ಬಿತ್ತು, ಎರಡು ಸೀಸನ್ ಬಂದಿವೆ. ಇಂಕ್‌ಜೆಟ್ ಬೇಡ, ಬೆವರಿಗೆ ಶಾಯಿ ಹರಡುತ್ತದೆ. ನಾನು ಗುರುವಾರ ರಾತ್ರಿ ಊಟದ ಮೇಜಿನ ಮೇಲೆ ಕೂತು ಲೇಸರ್ ಪ್ರಿಂಟ್ ಕತ್ತರಿಸಿ, ಮೇಲೆ ಅಗಲದ ಟೇಪ್ ಅಂಟಿಸುತ್ತೇನೆ. ಒಂದು ಗಂಟೆ ಕೆಲಸ, ನನಗೆ ಇಷ್ಟದ ಕೆಲಸ. ಅಷ್ಟು ಹೊತ್ತು ಸಿಗದವರು ಹನ್ನೆರಡು ಪ್ಲೇ ಇಟ್ಟುಕೊಂಡು ಕೈಸನ್ನೆಯಲ್ಲೇ ಆಡಿಸಬಹುದು. ನಿಮ್ಮಲ್ಲಿ 40 ಹುಡುಗರಿದ್ದರೆ ಬೋರ್ಡನ್ನೂ ಯೋಚಿಸಿ. ತರಿಸುವಾಗ ದೊಡ್ಡ ಸೈಜಿನವು ಐದಾರು ಇರಲಿ, ಲೈನ್‌ಮನ್‌ಗಳ ಮುಂಗೈಗೆ ಸಾಮಾನ್ಯ ಸೈಜು ಹತ್ತುವುದಿಲ್ಲ.